ನೀರಿಗೆ ಬೀಳದ ಚಂದ್ರ

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ತಪ್ಪು ಕಂಡರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಕೆಂಪು ಪೆನ್ನು ಎಂದು ಮನೆಯಲ್ಲಿ ನಗುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವವರೂ ಇದ್ದಾರೆ, ಅದೂ ಸುಳ್ಳಲ್ಲ. ಇದನ್ನೆಲ್ಲ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಹೋದ ವರ್ಷ ನಾನು ಒಬ್ಬ ಮನುಷ್ಯನನ್ನು ಎಲ್ಲರ ಎದುರು ಮೋಸಗಾರ ಎಂದೆ. ಅವರು ಮೋಸ ಮಾಡಿರಲಿಲ್ಲ.

ನಮ್ಮದು ಹವ್ಯಾಸಕ್ಕೆ ಫೋಟೋ ತೆಗೆಯುವವರ ಸಣ್ಣ ಗುಂಪು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹನ್ನೊಂದು ಮಂದಿ. ಬ್ಯಾಂಕಿನವರೊಬ್ಬರು, ಬೀಜ-ಗೊಬ್ಬರದ ಅಂಗಡಿಯವರೊಬ್ಬರು, ಬಸ್ ಕಂಡಕ್ಟರ್ ಒಬ್ಬರು, ಹೀಗೆ. ಶಿಗ್ಗಾಂವಿಯ ಸ್ಟುಡಿಯೋದವರು ಮಾತ್ರ ಕ್ಯಾಮೆರಾದಿಂದಲೇ ಬದುಕುವವರು. ವರ್ಷವಿಡೀ ಮದುಮಕ್ಕಳ ಮುಖ ನೋಡಿ ನೋಡಿ ಬೇಸತ್ತು, ಗುಡ್ಡ ಕೆರೆಗಳ ಕಡೆ ತಿರುಗಿದವರು. ಅವರ ಸ್ಟುಡಿಯೋದ ಮೇಲೊಂದು ಉದ್ದನೆಯ ಕೋಣೆ ಇದೆ. ತಿಂಗಳ ಎರಡನೇ ಭಾನುವಾರ ಅಲ್ಲಿ ಸೇರುತ್ತೇವೆ. ಒಬ್ಬೊಬ್ಬರೂ ಒಂದೊಂದು ಫೋಟೋ ತರಬೇಕು. ಸುಣ್ಣ ಬಳಿದ ಗೋಡೆಯ ಮೇಲೆ ಅದನ್ನು ಪ್ರೊಜೆಕ್ಟರಿನಿಂದ ದೊಡ್ಡದಾಗಿ ಬಿಡುತ್ತಾರೆ, ಉಳಿದವರು ತಪ್ಪು ಒಪ್ಪು ಹೇಳುತ್ತೇವೆ.

ಮೊದಮೊದಲು ಈ ಕೆಲಸ ಜಗಳದಲ್ಲೇ ಮುಗಿಯುತ್ತಿತ್ತು. ದಿಗಂತ ಒಂದು ಕಡೆ ವಾಲಿದೆ ಎಂದರೆ ತೆಗೆದವರು ಅರ್ಧ ತಾಸು ಕಾರಣ ಹೇಳುತ್ತಿದ್ದರು. ಗಾಳಿ ಇತ್ತು, ಟ್ರೈಪಾಡಿನ ಕಾಲು ಕೆಸರಿನಲ್ಲಿ ಇಳಿಯಿತು, ನಾಯಿ ಬೆನ್ನು ಹತ್ತಿತು. ಕೊನೆಗೆ ಸವಣೂರಿನವರೊಬ್ಬರು ಒಂದು ಉಪಾಯ ಮಾಡಿದರು. ಅವರದು ವೀಳ್ಯದೆಲೆಯ ತೋಟ. ಒಂದು ಭಾನುವಾರ ಬರುವಾಗ ಎಲೆಯ ಕಟ್ಟು, ಅಡಿಕೆ, ಸುಣ್ಣ ಎಲ್ಲ ತಂದು ನಡುವೆ ಇಟ್ಟರು. ಯಾರ ಫೋಟೋ ಗೋಡೆಯ ಮೇಲೆ ಬೀಳುತ್ತದೋ ಅವರು ಎಲೆ ಹಾಕಿಕೊಳ್ಳಬೇಕು. ಬಾಯಲ್ಲಿ ಎಲೆ ಇರುವವರೆಗೆ ಮಾತಾಡುವಂತಿಲ್ಲ, ಕೇಳಬೇಕು. ಎಲ್ಲರದೂ ಮುಗಿದ ಮೇಲೆ ಹೊರಗೆ ಹೋಗಿ ಉಗುಳಿ ಬಂದು, ಹೇಳುವುದಿದ್ದರೆ ಹೇಳಬಹುದು. ಈ ಪದ್ಧತಿ ಬಂದ ಮೇಲೆ ನಮ್ಮ ಫೋಟೋಗಳು ನಿಜಕ್ಕೂ ಸುಧಾರಿಸಿದವು. ಬಾಯಿ ತುಂಬಿಕೊಂಡು ಕೂತವನ ಕಿವಿ ಚುರುಕಾಗುತ್ತದೆ.

ಸವಣೂರಿನವರಿಗೆ ಆಗ ಐವತ್ತೆಂಟು ವರ್ಷ ಇರಬೇಕು. ತಲೆಗೆ ಬಿಳಿ ಟೋಪಿ, ಗಿಡ್ಡ ಗಡ್ಡ, ಬೆರಳುಗಳ ಮೇಲೆ ಎಲೆಯ ಚೊಗರಿನ ಕಪ್ಪು ಕಲೆ. ಮಾತು ಕಡಿಮೆ. ಎಲೆ ಕೊಯ್ಯಲು ದಿನವೂ ಏಣಿ ಹತ್ತುವವರಾದ್ದರಿಂದ ಫೋಟೋಕ್ಕೂ ಅವರಿಗೆ ಏಣಿ ಬೇಕು. ಎಲ್ಲಿಗೆ ಹೋದರೂ ಯಾರ ಮನೆಯದಾದರೂ ಒಂದು ಏಣಿ ಕೇಳಿ ತಂದು, ಮೇಲಿನಿಂದ ತೆಗೆಯುತ್ತಿದ್ದರು. ನೆಲದ ಮೇಲೆ ನಿಂತರೆ ಮುಂದಿನ ಹುಲ್ಲು ಹಿಂದಿನ ಹೊಲವನ್ನು ನುಂಗುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಹೊಲದ ಸಾಲುಗಳು ಬಿಡಿಬಿಡಿಯಾಗಿ ಕಾಣುತ್ತವೆ ಎಂದು ಅವರೇ ನಮಗೆ ತೋರಿಸಿಕೊಟ್ಟದ್ದು. ನಾನು ಅವರನ್ನು ಏಣಿ ಸಾಹೇಬರು ಎಂದು ಚೇಷ್ಟೆ ಮಾಡುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ನಾಲ್ಕು ವರ್ಷ ಆ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಅವರದೇ.

ಹೋದ ವರ್ಷ ಶಿಗ್ಗಾಂವಿಯ ಕಾಲೇಜೊಂದರವರು ತಮ್ಮ ಸಭಾಂಗಣದಲ್ಲಿ ಒಂದು ದಿನ ನಮ್ಮ ಫೋಟೋಗಳನ್ನು ಇಡಲು ಒಪ್ಪಿದರು. ನಮಗೆ ಅದು ಮೊದಲ ಪ್ರದರ್ಶನ. ಸ್ಟುಡಿಯೋದವರ ಹತ್ತಿರ ಒಂದೇ ಅಳತೆಯ ದೊಡ್ಡ ಫ್ರೇಮು ಎಂಟೇ ಇದ್ದವು. ಹನ್ನೊಂದು ಮಂದಿಯಲ್ಲಿ ಎಂಟು ಜನರದು ಮಾತ್ರ ಗೋಡೆಗೆ. ಅದಕ್ಕೆ ಮುಂಚಿನ ತಿಂಗಳ ಭಾನುವಾರ ಆರಿಸುವುದೆಂದಾಯಿತು. ಅವತ್ತು ಯಾರ ಮುಖದಲ್ಲೂ ಎಂದಿನ ಸಲಿಗೆ ಇರಲಿಲ್ಲ. ಚಹಾ ಬಂದರೂ ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದೆವು.

ಸವಣೂರಿನವರ ಮಗಳನ್ನು ಕೊಟ್ಟಿರುವುದು ಹಿರೇಕೆರೂರಿನ ಆಚೆ ಒಂದು ಹಳ್ಳಿಗೆ. ಅಲ್ಲಿಗೆ ಹೋದಾಗ ಆ ಊರ ಕೆರೆಯ ಫೋಟೋ ತೆಗೆದಿದ್ದರು. ಬೀಗರೇ ಏಣಿ ಹೊತ್ತು ಒಡ್ಡಿನ ಮೇಲೆ ತಂದು ಕೊಟ್ಟಿದ್ದರಂತೆ. ತಮ್ಮ ಊರ ಕೆರೆ ಕಾಲೇಜಿನ ಗೋಡೆಗೆ ಬರುತ್ತದೆ ಎಂದು ಬೀಗರು ಮನೆಮಂದಿಯೆಲ್ಲ ಬರಲು ಸಿದ್ಧರಾಗಿದ್ದಾರೆ ಎಂದು ಅವತ್ತು ಮೆಟ್ಟಿಲು ಹತ್ತುವಾಗ ನನಗೆ ಹೇಳಿದರು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಇನ್ನೂ ಆರಿಸಿಯೇ ಇಲ್ಲ, ಇವರಾಗಲೇ ಬೀಗರನ್ನು ಕರೆದಿದ್ದಾರಲ್ಲ ಎಂದು ನನ್ನೊಳಗೆ ಒಂದು ಸಣ್ಣ ಕಿಡಿ ಹೊತ್ತಿತು. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಫೋಟೋ ಮೊದಲು ಬಂತು. ತಿಳವಳ್ಳಿ ಹತ್ತಿರದ ಗೋವಿನಜೋಳದ ಹೊಲ, ಮೇಲೆ ಮಂಜು, ಮುಂದೆ ಒಂದು ದೊಡ್ಡ ಕಲ್ಲು. ಅದಕ್ಕಾಗಿ ಆರು ದಿನ ಬೆಳಗಿನ ಜಾವ ಎದ್ದಿದ್ದೆ. ಎಲೆ ಬಾಯಿಗಿಟ್ಟುಕೊಂಡು ಕೂತೆ. ಬಣ್ಣ ಚೆನ್ನಾಗಿದೆ, ಮಂಜು ಚೆನ್ನಾಗಿದೆ ಎಂದು ಎಲ್ಲರೂ ಹೇಳುವಷ್ಟರಲ್ಲಿ ಸವಣೂರಿನವರ ಸರದಿ ಬಂತು. ಕಣ್ಣು ಆ ಕಲ್ಲಿನ ಮೇಲೆ ಕುಳಿತುಬಿಡುತ್ತದೆ, ಅಲ್ಲಿಂದ ಮಂಜಿನ ಕಡೆ ಹೋಗುವುದೇ ಇಲ್ಲ, ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ದಾರಿ ಸಿಗುತ್ತಿತ್ತು ಎಂದರು. ಮೆಲ್ಲಗೇ ಹೇಳಿದರು. ಅದು ಸರಿಯಾಗಿಯೇ ಇತ್ತು. ಸರಿಯಾಗಿತ್ತು ಎಂದೇ ನನಗೆ ಉರಿಯಿತು. ಅವರು ಹೇಳಿದ ಮೇಲೆ ಯಾರಿಗೂ ಕಲ್ಲು ಬಿಟ್ಟು ಬೇರೇನೂ ಕಾಣಲಿಲ್ಲ. ಆರಿಸಲು ಕೈ ಎತ್ತಿಸಿದಾಗ ನನಗೆ ಬಿದ್ದದ್ದು ಐದು ಕೈ.

ಅವರ ಫೋಟೋ ಕೊನೆಗೆ ಬಂತು. ಹುಣ್ಣಿಮೆಯ ಮರುದಿನ ನಸುಕಿನಲ್ಲಿ ತೆಗೆದದ್ದು. ಚಂದ್ರನನ್ನೂ ನೆಲವನ್ನೂ ಒಂದೇ ಫೋಟೋದಲ್ಲಿ ಹಿಡಿಯುವುದು ಬಹಳ ಕಷ್ಟ. ಕತ್ತಲಿದ್ದರೆ ಚಂದ್ರ ಬರೀ ಬಿಳಿ ಚುಕ್ಕೆಯಾಗುತ್ತಾನೆ, ಬೆಳಕು ಹೆಚ್ಚಾದರೆ ಮಾಸಿಹೋಗುತ್ತಾನೆ. ಎರಡರ ಬೆಳಕೂ ಸಮ ಇರುವುದು ನಡುವೆ ಹತ್ತು ಹದಿನೈದು ನಿಮಿಷ. ಅವರು ಆ ಹೊತ್ತನ್ನು ಹಿಡಿದಿದ್ದರು. ಅಲುಗದ ನೀರು, ಆಚೆ ದಂಡೆಯಲ್ಲಿ ಎತ್ತರದ ಗಿಡಗಳ ಕಪ್ಪು ಸಾಲು, ಅದರ ಮೇಲೆ ತುಸು ಗುಲಾಬಿ ಆಕಾಶ, ಗಿಡಗಳ ತುದಿಗಿಂತ ಸ್ವಲ್ಪ ಮೇಲೆ ಚಂದ್ರ. ಅವನ ಮೇಲಿನ ಕಲೆಗಳೂ ಕಾಣುತ್ತಿದ್ದವು. ಸ್ಟುಡಿಯೋದವರು ಪ್ರೊಜೆಕ್ಟರಿನ ಹತ್ತಿರದಿಂದ ಎದ್ದು ಮುಂದೆ ಬಂದು ನಿಂತರು.

ನಾನು ಗೋಡೆಯನ್ನು ನೋಡುತ್ತಾ ಇದ್ದೆ. ತಪ್ಪು ಹುಡುಕುತ್ತಾ ಇದ್ದೆ ಎಂದರೆ ಸರಿ. ಆಗ ಕಂಡಿತು. ಗಿಡಗಳ ಸಾಲು ನೀರಿನಲ್ಲಿ ತಲೆಕೆಳಗಾಗಿ ಪೂರ್ತಿ ಬಿದ್ದಿತ್ತು. ಚಂದ್ರ ಬಿದ್ದಿರಲಿಲ್ಲ.

ಎದೆ ಹೊಡೆದುಕೊಳ್ಳತೊಡಗಿತು. ಅದು ಸಂತೋಷವೇ ಎಂದು ಈಗ ಗೊತ್ತಾಗುತ್ತದೆ. ನನ್ನ ಸರದಿ ಬರುವವರೆಗೂ ಕಾಯಲಿಲ್ಲ. ಎದ್ದು ಗೋಡೆಯ ಹತ್ತಿರ ಹೋದೆ. ತರಗತಿಯಲ್ಲಿ ಹಲಗೆಯ ಮುಂದೆ ನಿಲ್ಲುವ ಹಾಗೆಯೇ ನಿಂತೆ.

“ಮ್ಯಾಲೆ ಚಂದ್ರ ಅದಾನ. ಕೆಳಗ ಕನ್ನಡಿಯಂಥಾ ನೀರು ಐತಿ. ಗಿಡ ಎಲ್ಲಾ ಬಿದ್ದಾವು, ಚಂದ್ರ ಯಾಕ ಬಿದ್ದಿಲ್ಲ?” ಎಂದೆ. ಬೆರಳಿಟ್ಟು ನೀರು ತೋರಿಸಿದೆ. “ಯಾಕಂದ್ರ ಈ ಚಂದ್ರ ಆ ಕೆರಿದಲ್ಲ. ಎಲ್ಲಿಂದೋ ತಂದು ಅಂಟಿಸಿದ್ದು. ನೀರಾಗ ಅಂಟಸೂದು ಮರತಾರ.”

ನಮ್ಮ ಗುಂಪಿನಲ್ಲಿ ಇರುವ ನಿಯಮ ಒಂದೇ ಒಂದು, ಇಲ್ಲದ್ದನ್ನು ಸೇರಿಸಬಾರದು. ಬೆಳಕು ಹೆಚ್ಚು ಕಡಿಮೆ ಮಾಡಬಹುದು, ಅಂಚು ಕತ್ತರಿಸಬಹುದು, ಆದರೆ ಬೇರೆ ಆಕಾಶ ತಂದು ಹಾಕಬಾರದು. ಇತ್ತೀಚೆಗೆ ಮೊಬೈಲಿನಲ್ಲೇ ಅದು ಎರಡು ನಿಮಿಷದ ಕೆಲಸ. ಆದ್ದರಿಂದ ಎಲ್ಲರಿಗೂ ಆ ಅನುಮಾನ ಯಾವಾಗಲೂ ತಲೆಯಲ್ಲಿ ಇದ್ದೇ ಇರುತ್ತದೆ. ನಾನು ಬೆರಳಿಟ್ಟು ತೋರಿಸಿದ ಮೇಲೆ ಎಲ್ಲರೂ ನೀರನ್ನು ನೋಡಿದರು. ನಿಜಕ್ಕೂ ಅಲ್ಲಿ ಚಂದ್ರ ಇರಲಿಲ್ಲ.

ಸವಣೂರಿನವರ ಬಾಯಲ್ಲಿ ಎಲೆ ಇತ್ತು. ಒಂದು ಕೈ ಅರ್ಧ ಎತ್ತಿದರು, ತಡೆಯಿರಿ ಎನ್ನುವ ಹಾಗೆ. ನಾನು ಅದನ್ನು ನೋಡಿಯೂ ಮುಂದುವರಿಸಿದೆ. ಎಂಟನೇ ತರಗತಿಯ ಮಗುವಿಗೂ ಪ್ರತಿಫಲನ ಎಂದರೆ ಏನೆಂದು ಗೊತ್ತಿರುತ್ತದೆ ಎಂದೆ. ಇದು ಪ್ರದರ್ಶನಕ್ಕೆ ಹೋದರೆ ನಮ್ಮೆಲ್ಲರ ಮರ್ಯಾದೆ ಹೋಗುತ್ತದೆ ಎಂದೆ. ಸ್ಟುಡಿಯೋದವರು ಕ್ಯಾಮೆರಾದಿಂದ ಬಂದ ಮೂಲ ಫೈಲ್ ತರಿಸಿ ನೋಡೋಣವೇ ಎಂದು ಮೆಲ್ಲಗೆ ಕೇಳಿದರು. ನೀರೇ ಸಾಕ್ಷಿ ಹೇಳುವಾಗ ಫೈಲ್ ಏತಕ್ಕೆ ಎಂದು ಅವರ ಬಾಯಿಯನ್ನೂ ಮುಚ್ಚಿಸಿದೆ.

ಸವಣೂರಿನವರು ಕೈ ಇಳಿಸಿದರು. ಕುರ್ಚಿಯಲ್ಲಿ ಕೂತ ಒಬ್ಬೊಬ್ಬರ ಮುಖವನ್ನೂ ಒಮ್ಮೆ ನೋಡಿದರು. ಆಮೇಲೆ ಎದ್ದು ಉಗುಳಲು ಹೊರಗೆ ಹೋದರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಇಳಿಯುತ್ತಾ ಹೋಯಿತು. ಬಂದು ಉತ್ತರ ಹೇಳುತ್ತಾರೆ ಎಂದು ಕಾದೆವು. ಅವರು ಬರಲಿಲ್ಲ. ಉಳಿದ ಎಲೆಗಳು ಅಲ್ಲೇ ಒದ್ದೆ ಬಟ್ಟೆಯಲ್ಲಿ ಇದ್ದವು. ಸಂಜೆ ಅವರು ವಾಟ್ಸಾಪ್ ಗುಂಪಿನಿಂದಲೂ ಹೊರಟುಹೋದರು. ಅವರ ಫೋಟೋ ಕೈ ಎತ್ತಿಸುವ ಮೊದಲೇ ಹೊರಬಿದ್ದದ್ದರಿಂದ ಒಂದು ಫ್ರೇಮು ಉಳಿಯಿತು. ಅವರದು ಇದ್ದಿದ್ದರೆ ಕೈಗಳ ಲೆಕ್ಕದಲ್ಲಿ ಒಂಬತ್ತನೆಯದಾಗುತ್ತಿದ್ದ ನನ್ನ ಗೋವಿನಜೋಳದ ಹೊಲ ಅದರೊಳಗೆ ಹೋಯಿತು.

ಆ ತಿಂಗಳು ನಾನು ಬಹಳ ದೊಡ್ಡವಳಾಗಿದ್ದೆ. ಪ್ರದರ್ಶನದ ದಿನ ಹತ್ತು ನಿಮಿಷ ಮಾತಾಡಿರಿ, ಸುಳ್ಳು ಫೋಟೋ ಗುರುತಿಸುವುದು ಹೇಗೆ ಎಂದು ವಿದ್ಯಾರ್ಥಿಗಳಿಗೆ ಹೇಳಿರಿ ಎಂದು ಸ್ಟುಡಿಯೋದವರು ಕೇಳಿದರು. ನಾನು ಬರೆದು ಸಿದ್ಧಮಾಡಿಕೊಂಡೆ. ಬ್ಯಾಂಕಿನವರು ತಮ್ಮ ಚಹಾ ಕಪ್ಪಿನ ಫೋಟೋದ ಮೇಲೆ ಚಂದ್ರನನ್ನು ಅಂಟಿಸಿ ಗುಂಪಿಗೆ ಕಳಿಸಿದರು. ಎಲ್ಲರೂ ನಕ್ಕರು, ನಾನೂ ನಗುವ ಮುಖ ಒತ್ತಿದೆ. ಒಮ್ಮೊಮ್ಮೆ ಅವರು ಅರ್ಧ ಎತ್ತಿದ ಕೈ ನೆನಪಾಗುತ್ತಿತ್ತು. ಆಗ ನೀರಿನಲ್ಲಿ ಚಂದ್ರ ಇರಲಿಲ್ಲ ತಾನೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಪ್ರದರ್ಶನದ ಭಾನುವಾರಕ್ಕೆ ಎರಡು ದಿನ ಮುಂಚೆ ಹುಣ್ಣಿಮೆಯ ಮರುದಿನ ಬಂತು. ನನ್ನ ಭಾಷಣಕ್ಕೆ ಒಂದು ಉದಾಹರಣೆ ಬೇಕಿತ್ತು. ನಿಜವಾದ ಚಂದ್ರ ನೀರಿಗೆ ಹೇಗೆ ಬೀಳುತ್ತಾನೆ ಎಂದು ತೋರಿಸುವ ಫೋಟೋ. ನಸುಕಿನಲ್ಲಿ ಸ್ಕೂಟರ್ ಹತ್ತಿ ನಮ್ಮ ಶಾಲೆಯ ದಾರಿಯಲ್ಲಿರುವ ಕೆರೆಗೆ ಹೋದೆ. ಒಡ್ಡಿನ ಮೇಲೆ ಟ್ರೈಪಾಡ್ ನಿಲ್ಲಿಸಿ, ನೀರಿನ ಮಟ್ಟ ನೋಡಿ ಕ್ಯಾಮೆರಾ ಸಮ ಮಾಡಿದೆ. ಗಾಳಿ ಇರಲಿಲ್ಲ. ಎದುರು ದಂಡೆಯಲ್ಲಿ ಹುಣಸೆ ಮರಗಳು, ಮೇಲೆ ಚಂದ್ರ. ತಲೆ ಬಗ್ಗಿಸಿ ನೀರು ನೋಡಿದೆ.

ಹುಣಸೆ ಮರಗಳು ತಲೆಕೆಳಗಾಗಿ ಬಿದ್ದಿದ್ದವು. ಚಂದ್ರ ಇರಲಿಲ್ಲ.

ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡೆ. ಎಡಕ್ಕೆ ಹತ್ತು ಹೆಜ್ಜೆ, ಬಲಕ್ಕೆ ಹತ್ತು ಹೆಜ್ಜೆ ಹೋದೆ. ನೀರಿನಲ್ಲಿ ಬರೀ ಮರಗಳ ಕಪ್ಪು. ಮೇಲೆ ನೋಡಿದರೆ ಅವನು ಅಲ್ಲೇ ಇದ್ದಾನೆ, ತುಂಬಿಕೊಂಡು. ಒಡ್ಡಿನಿಂದ ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ. ಕ್ಯಾಮೆರಾ ಬಿಚ್ಚಿಕೊಂಡು, ಕಣ್ಣು ನೀರಿನ ಮೇಲಿಂದ ತೆಗೆಯದೆ ಒಂದೊಂದೇ ಮೆಟ್ಟಿಲು ಇಳಿದೆ. ಅರ್ಧ ಇಳಿದ ಮೇಲೆ ನೀರಿನಲ್ಲಿ ಮರದ ತುದಿಯಾಚೆ ಒಂದು ಬಿಳಿ ಅಂಚು ಕಂಡಿತು. ಇನ್ನೆರಡು ಇಳಿದೆ, ಅರ್ಧ ಚಂದ್ರ. ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತಾಗ ಪೂರ್ತಿ ಚಂದ್ರ ನೀರಿನಲ್ಲಿದ್ದ. ಮತ್ತೆ ಹತ್ತಿದೆ. ಮರಗಳು ಅವನನ್ನು ಮುಚ್ಚಿದವು.

ಎಷ್ಟು ಸಲ ಹತ್ತಿ ಇಳಿದೆನೋ ಲೆಕ್ಕವಿಲ್ಲ. ಎಮ್ಮೆ ಮೈ ತೊಳೆಯಲು ಬಂದವರೊಬ್ಬರು ಏನಾದರೂ ಕಳೆದುಕೊಂಡಿರೇನು ಎಂದು ಕೇಳಿದರು. ಇಲ್ಲ ಎಂದೆ. ವಿಷಯ ಅಷ್ಟು ಸರಳವಾಗಿತ್ತು. ನೀರು ತೋರಿಸುವುದು ನನ್ನ ಕಣ್ಣಿಗೆ ಕಂಡದ್ದನ್ನಲ್ಲ. ನಾನು ನೀರಿನಿಂದ ಎಷ್ಟು ಮೇಲೆ ನಿಂತಿದ್ದೇನೋ ಅಷ್ಟೇ ಕೆಳಗಿನಿಂದ ನೋಡಿದರೆ ಏನು ಕಾಣುತ್ತದೋ ಅದನ್ನು. ಅಲ್ಲಿಂದ ನೋಡಿದರೆ ಎದುರಿನ ಮರ ಇನ್ನೂ ಎತ್ತರ, ಚಂದ್ರ ಅದರ ಹಿಂದೆ. ಎತ್ತರಕ್ಕೆ ಹೋದಷ್ಟೂ ನೀರಿನ ಚಂದ್ರ ಮರೆಯಾಗುತ್ತಾನೆ. ಸವಣೂರಿನವರು ಒಡ್ಡಿನ ಮೇಲೆ ಮತ್ತೆ ಏಣಿ ಹಾಕಿ ಅದರ ಮೇಲೆ ನಿಂತಿದ್ದರು. ಇಪ್ಪತ್ತೆರಡು ವರ್ಷ ಬೀಳುವ ಕಿರಣ, ಪ್ರತಿಫಲಿಸುವ ಕಿರಣ ಎಂದು ಹಲಗೆಯ ಮೇಲೆ ಗೆರೆ ಎಳೆದವಳಿಗೆ ಇದು ಹೊಳೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯಿಂದ ಅತ್ತದ್ದು, ಪಶ್ಚಾತ್ತಾಪ ಆಮೇಲೆ ಬಂತು.

ಅದೂ ಕೂಡಲೇ ಬರಲಿಲ್ಲ. ಆ ಇಡೀ ದಿನ ಪಾಠ ಮಾಡುತ್ತಲೇ ನನ್ನೊಳಗೆ ನಾನು ವಕಾಲತ್ತು ಮಾಡಿದೆ. ಫ್ರೇಮು ಎಲ್ಲ ಸಿದ್ಧವಾಗಿವೆ, ಈಗ ಹೇಳಿದರೆ ಗೊಂದಲ. ಪ್ರದರ್ಶನ ಮುಗಿಯಲಿ, ಮುಂದಿನ ಸಭೆಯಲ್ಲಿ ಹೇಳೋಣ. ಇದು ಯಾರಿಗೂ ಗೊತ್ತಾಗುವ ವಿಷಯವೂ ಅಲ್ಲ. ಆ ಕೊನೆಯ ಮಾತು ಮನಸ್ಸಿಗೆ ಬಂದಾಗ ನನಗೇ ನನ್ನ ಬಗ್ಗೆ ಹೇಸಿಗೆಯಾಯಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಸವಣೂರಿನ ದಾರಿ ಹಿಡಿದೆ. ಬ್ಯಾಗಿನಲ್ಲಿ ಕ್ಯಾಮೆರಾ ಇತ್ತು, ಅದರಲ್ಲಿ ಎರಡು ಫೋಟೋ, ಒಡ್ಡಿನ ಮೇಲಿನಿಂದ ಒಂದು, ಕೊನೆಯ ಮೆಟ್ಟಿಲಿನಿಂದ ಒಂದು. ಬಸ್ಸಿನಲ್ಲಿ ಇಡೀ ದಾರಿ ಬ್ಯಾಗನ್ನು ಎದೆಗೆ ಒತ್ತಿ ಹಿಡಿದಿದ್ದೆ.

ಎಲೆತೋಟದೊಳಗೆ ಮಧ್ಯಾಹ್ನವೂ ನೆರಳು, ತಂಪು. ಅವರು ಏಣಿಯ ಮೇಲೆ ನಿಂತು ಬಳ್ಳಿ ಕಟ್ಟುತ್ತಿದ್ದರು. ನನ್ನನ್ನು ನೋಡಿ ಒಂದು ಕ್ಷಣ ಅಲ್ಲೇ ನಿಂತರು. ಆಮೇಲೆ ಇಳಿದು ಬಂದು, ಬರ್ರಿ ಅಕ್ಕೋರ, ಕುಂದ್ರಿ ಎಂದು ಹೊರಸು ಎಳೆದರು. ಮನೆಯೊಳಗಿನಿಂದ ಅವರ ಹೆಂಡತಿ ಚಹಾ ತಂದಿಟ್ಟು, ಬಾಗಿಲ ಹತ್ತಿರ ನಿಂತರು. ನಾನು ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. ಸುಮ್ಮನೆ ಕ್ಯಾಮೆರಾ ತೆಗೆದು ಎರಡು ಫೋಟೋ ತೋರಿಸಿ, ತಪ್ಪಾಯಿತು ಎಂದೆ.

ಅವರು ಕ್ಯಾಮೆರಾ ಹಿಡಿದು ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿದರು. “ಹೌದ್ರಿ. ಮ್ಯಾಲೆ ನಿಂತ್ರ ಕಾಣಂಗಿಲ್ಲ. ಇಳದ್ರ ಕಾಣ್ತಾನ,” ಎಂದರು. ಅವತ್ತು ಏಣಿಯ ಮೇಲೆ ನಿಂತು ಅವರೂ ನೀರಿನಲ್ಲಿ ಚಂದ್ರನನ್ನು ಹುಡುಕಿದ್ದರಂತೆ. ಕೆಳಗೆ ಇಳಿದಾಗ ಕಂಡನಂತೆ. ಆದರೆ ಕೆಳಗಿನಿಂದ ಗಿಡಗಳ ಸಾಲು ಚೆನ್ನಾಗಿ ಕಾಣುತ್ತಿರಲಿಲ್ಲ, ಅದಕ್ಕೆ ಮೇಲಿನದನ್ನೇ ಇಟ್ಟುಕೊಂಡರಂತೆ. ಕಾರಣ ನನಗೆ ಗೊತ್ತಿಲ್ಲ, ಕಂಡದ್ದು ಗೊತ್ತು ಎಂದರು.

ಹಾಗಾದರೆ ಅವತ್ತೇ ಉಗುಳಿ ಬಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕ್ಯಾಮೆರಾ ನನ್ನ ಕೈಗೆ ಕೊಟ್ಟರು.

“ನಮ್ಮ ಎಲಿ ಕಟ್ಟ ಯಾರೂ ಬಿಚ್ಚಿ ಎಣಸಂಗಿಲ್ರಿ ಅಕ್ಕೋರ. ನಾ ನೂರು ಅಂದ್ರ ನೂರು. ನಮ್ಮಪ್ಪನ ಕಾಲದಿಂದ ಹಂಗ ನಡದೈತಿ,” ಎಂದರು. “ಅವತ್ತ ಎಲ್ಲಾರ ಮಾರಿ ನೋಡಿದ್ನಿ. ಅಂವ ಅಂಥಾಂವ ಅಲ್ಲ ಅಂತ ಒಬ್ಬರೂ ಅನ್ನಲಿಲ್ಲ. ಇನ್ನ ಬಂದು ಏನ್ ಹೇಳ್ಲಿ?”

ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಒಳಗೆ ಹೋದರು. ಆಗ ಅವರು ಧ್ವನಿ ಇನ್ನಷ್ಟು ಇಳಿಸಿ ಒಂದು ಪ್ರಶ್ನೆ ಕೇಳಿದರು.

“ಈ ಎರಡು ಫೋಟೋ ನಿಮಗ ಸಿಗದಿದ್ರ, ನೀವು ಬರ್ತಿದ್ರೇನು?”

ಬರುತ್ತಿದ್ದೆ ಎನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಎಂದೆ. ಅವರು ತಲೆಯಾಡಿಸಿದರು, ಅದು ಮೊದಲೇ ಗೊತ್ತಿತ್ತು ಎನ್ನುವ ಹಾಗೆ.

ಬೀಗರಿಗೆ ಏನು ಹೇಳಿದಿರಿ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಅವರೇ ಹೇಳಿದರು. ಫ್ರೇಮು ಕಡಿಮೆ ಬಿದ್ದವು ಎಂದು ಹೇಳಿದ್ದಾರಂತೆ. ಈ ಇಡೀ ಪ್ರಕರಣದಲ್ಲಿ ತಾನು ಹೇಳಿದ ಸುಳ್ಳು ಅದೊಂದೇ ಎಂದರು. ಆ ಮಾತು ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಾಳೆ ನನ್ನ ಫೋಟೋ ತೆಗೆದು ನಿಮ್ಮದನ್ನು ಹಾಕಿಸುತ್ತೇನೆ, ಪಕ್ಕದಲ್ಲೇ ಈ ಎರಡು ಫೋಟೋ ಇಟ್ಟು, ಚಂದ್ರ ನೀರಿನಲ್ಲಿ ಯಾಕಿಲ್ಲ ಎಂದು ಚಿತ್ರ ಬರೆದು ಎಲ್ಲರಿಗೂ ತಿಳಿಸುತ್ತೇನೆ, ಬೀಗರನ್ನು ಕರೆಯಿರಿ ಎಂದು ಕೈಮುಗಿದೆ.

ಫೋಟೋ ಹಾಕಲು ಅವರು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. “ಚಿತ್ರಾ ಬ್ಯಾಡ್ರಿ, ಗಣಿತಾ ಬ್ಯಾಡ್ರಿ. ಯಾರರ ಕೇಳಿದ್ರ, ತಗದವರು ನನಗ ಗೊತ್ತು ಅನ್ರಿ. ಅಷ್ಟ ಸಾಕು.”

ಅಷ್ಟರಿಂದ ಯಾರೂ ನಂಬುವುದಿಲ್ಲ ಎಂದೆ. ನಂಬದಿದ್ದರೆ ಬಿಡಲಿ ಎಂದರು. ಒಳಗೆ ಹೋಗಿ ಕ್ಯಾಮೆರಾದ ಕಾರ್ಡನ್ನು ಒಂದು ಕಾಗದದಲ್ಲಿ ಸುತ್ತಿ ತಂದುಕೊಟ್ಟರು.

ಅಲ್ಲಿಂದ ನೇರ ಶಿಗ್ಗಾಂವಿಗೆ ಹೋದೆ. ಸ್ಟುಡಿಯೋದವರು ಮೊದಲು ಸಿಡಿಮಿಡಿಗೊಂಡರು. ನಾಳೆ ಬೆಳಿಗ್ಗೆ ಪ್ರದರ್ಶನ, ಇವತ್ತು ಸಂಜೆ ಬಂದು ಫ್ರೇಮು ಬಿಚ್ಚು ಎನ್ನುತ್ತೀರಲ್ಲ ಎಂದರು. ಕಾರಣ ಕೇಳಿದರು. ಫೋಟೋ ಖರೇದು, ನಾನು ತಪ್ಪು ಹೇಳಿದ್ದೆ ಎಂದೆ. ಹೇಗೆ ಗೊತ್ತಾಯಿತು ಎಂದರು. ನನ್ನ ಬ್ಯಾಗಿನಲ್ಲೇ ಉತ್ತರ ಇತ್ತು, ಅರ್ಧ ನಿಮಿಷದಲ್ಲಿ ತೋರಿಸಬಹುದಿತ್ತು. ತೆಗೆದವರು ನನಗೆ ಗೊತ್ತು ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೂ ಪ್ರಿಂಟ್ ತೆಗೆದುಕೊಟ್ಟರು. ಗುಂಪಿನಲ್ಲೂ ಅಷ್ಟನ್ನೇ ಬರೆದು ಕ್ಷಮೆ ಕೇಳಿದೆ. ಬ್ಯಾಂಕಿನವರು ಬರೀ ಪ್ರಶ್ನಾರ್ಥಕ ಚಿಹ್ನೆಗಳನ್ನು ಕಳಿಸಿದರು. ಎಲ್ಲವನ್ನೂ ಬಿಡಿಸಿ ಹೇಳಿ ಬದುಕು ಕಟ್ಟಿಕೊಂಡವಳಿಗೆ ಗೊತ್ತಿದ್ದೂ ಹೇಳದೆ ಇರುವುದು ಎಷ್ಟು ಹಿಂಸೆ ಎಂದು ಅವತ್ತು ತಿಳಿಯಿತು.

ಭಾನುವಾರ ಬೆಳಿಗ್ಗೆಯಿಂದ ಆ ಫೋಟೋದ ಪಕ್ಕದಲ್ಲಿ ನಿಂತೆ. ಭಾಷಣ ಮಾಡುವುದಿಲ್ಲ ಎಂದು ಹೇಳಿಬಿಟ್ಟಿದ್ದೆ. ಜನ ಬಂದರು. ಹೆಚ್ಚಿನವರು ಆ ಫೋಟೋದ ಮುಂದೆಯೇ ನಿಲ್ಲುತ್ತಿದ್ದರು. ಕೆಲವರು ಸುಮ್ಮನೆ ನೋಡಿ ಹೋದರು, ಕೆಲವರು ನೀರನ್ನು ನೋಡಿ ಹುಬ್ಬು ಗಂಟಿಕ್ಕಿದರು. ನನ್ನ ಶಾಲೆಯ ಹೆಡ್‌ಮಾಸ್ತರರು ಬಂದು, ಅಕ್ಕೋರೇ, ಚಂದ್ರ ನೀರಿನಲ್ಲಿ ಇರಬೇಕಿತ್ತಲ್ಲ, ನೀವು ವಿಜ್ಞಾನದವರು ಇದನ್ನು ಹೇಗೆ ಬಿಟ್ಟಿರಿ ಎಂದರು. ತೆಗೆದವರು ನನಗೆ ಗೊತ್ತು ಸರ್ ಎಂದೆ. ಅವರು ಮುಂದಿನ ಮಾತಿಗೆ ಕಾದರು. ನಾನು ಮುಂದೆ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊರಳಲ್ಲಿ ದೊಡ್ಡ ಕ್ಯಾಮೆರಾ ಹಾಕಿಕೊಂಡ ಒಬ್ಬರು ಬಂದರು. ಯಾವುದೋ ಬೇರೆ ಊರಿನವರು. ನೋಡಿದವರೇ ನಕ್ಕು, ಇದು ಅಂಟಿಸಿದ್ದು ಎಂದು ಪಕ್ಕದವರಿಗೆ ಕೇಳುವಂತೆ ಹೇಳಿದರು. ಬೆರಳಿಟ್ಟು ನೀರು ತೋರಿಸಿದರು. ಅವರು ನಿಂತ ರೀತಿ, ಬೆರಳು ಚಾಚಿದ ರೀತಿ, ಧ್ವನಿಯಲ್ಲಿದ್ದ ಖುಷಿ ಎಲ್ಲವೂ ನನಗೆ ಪರಿಚಯದ್ದಾಗಿತ್ತು. ತೆಗೆದವರು ನನಗೆ ಗೊತ್ತು, ಅವರು ಅಂಥವರಲ್ಲ ಎಂದೆ. ಗೊತ್ತಿದ್ದರೆ ಏನಾಯಿತು, ನೀರು ಸುಳ್ಳು ಹೇಳುತ್ತದೆಯೇ ಎಂದು ಕೇಳಿ ಅವರು ಬಾಗಿಲ ಹತ್ತಿರದ ಮೇಜಿಗೆ ಹೋದರು. ಅಲ್ಲಿ ಬಂದವರು ಅಭಿಪ್ರಾಯ ಬರೆಯುವ ಪುಸ್ತಕ ಇತ್ತು. ಬರೆದು ಹೊರಟುಹೋದರು.

ನಾನು ಹೋಗಿ ಓದಿದೆ. ‘ಏಳು ಫೋಟೋ ಚೆನ್ನಾಗಿವೆ. ಚಂದ್ರನದು ಮೋಸ’ ಎಂದಿತ್ತು. ದೊಡ್ಡ ಅಕ್ಷರ. ಆ ಹಾಳೆ ಹರಿಯಲೇ ಎಂದುಕೊಳ್ಳುವಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಸವಣೂರಿನವರು, ಅವರ ಹೆಂಡತಿ, ಮಗಳು, ಬೀಗರು, ಬೀಗಿತ್ತಿ ಎಲ್ಲರೂ ಇಳಿದರು. ಬೀಗರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಾನು ನನ್ನ ಬ್ಯಾಗನ್ನು ಪುಸ್ತಕದ ಮೇಲೆ ಇಟ್ಟು, ಅದಕ್ಕೆ ಅಡ್ಡವಾಗಿ ನಿಂತೆ.

ಬೀಗರು ನೇರ ಫೋಟೋದ ಹತ್ತಿರ ಹೋದರು. ಅದು ನಮ್ಮ ಒಡ್ಡು, ಅದು ನಮ್ಮ ಕಡೆಯ ಗಿಡ ಎಂದು ಹೆಂಡತಿಗೆ ತೋರಿಸಿದರು. ಏಣಿ ಹೊತ್ತದ್ದು ನಾನು ಎಂದು ಪಕ್ಕದಲ್ಲಿ ನಿಂತ ಅಪರಿಚಿತರಿಗೂ ಹೇಳಿದರು. ಸವಣೂರಿನವರು ಸ್ವಲ್ಪ ಹಿಂದೆ ನಿಂತು ಅದನ್ನೆಲ್ಲ ನೋಡಿದರು. ಆಮೇಲೆ ಒಬ್ಬರೇ ನಾನಿದ್ದ ಮೇಜಿನ ಕಡೆ ಬಂದರು. ಬಂದವರೆಲ್ಲ ಬರೆಯುವ ಪುಸ್ತಕ ಎಲ್ಲಿ ಎಂದು ಕೇಳಿದರು. ಆಮೇಲೆ ಬರೆಯಿರಿ, ಮೊದಲು ಎಲ್ಲ ಫೋಟೋ ನೋಡಿರಿ ಎಂದೆ. ಅವರು ನನ್ನ ಮುಖ ನೋಡಿದರು, ಬ್ಯಾಗು ನೋಡಿದರು. ಬ್ಯಾಗನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ ಬದಿಗಿಟ್ಟರು.

ಓದಿದರು. ಕೊನೆಯ ಸಾಲಿನ ಮೇಲೆ ಕಣ್ಣು ತುಸು ಹೊತ್ತು ನಿಂತಿತು. ನೀವು ಹೂಂ ಎಂದರೆ ಈ ಹಾಳೆ ಈಗಲೇ ಹರಿದುಹಾಕುತ್ತೇನೆ, ಇಲ್ಲವೇ ಆ ಮನುಷ್ಯನನ್ನು ಹುಡುಕಿ ಕರೆತಂದು ಎಲ್ಲ ವಿವರಿಸುತ್ತೇನೆ ಎಂದೆ. ಅವರು ಬೇಡ ಎನ್ನುವಂತೆ ತಲೆಯಾಡಿಸಿ, ಪೆನ್ನು ತೆಗೆದುಕೊಂಡು ಆ ಸಾಲಿನ ಕೆಳಗೆ ತಮ್ಮ ಹೆಸರು, ಊರು ಬರೆದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಮುಖದಲ್ಲಿ ಸಿಟ್ಟಿನ ಗುರುತೇ ಇರಲಿಲ್ಲ.

“ಇರ್ಲಿ ಬಿಡ್ರಿ ಅಕ್ಕೋರ,” ಎಂದರು. “ಆ ಮನಷ್ಯಾಗ ನಾ ಗೊತ್ತಿಲ್ಲಲ್ಲ.”